ಓದಿ ಹೇಳಲಾಗಿ ಕೇಳಿ ಒಪ್ಪಿ

ಐನಾಪುರ, ತಾ. ಚಿಂಚೋಳಿ
3 ನವೆಂಬರ್ 2024

ಪ್ರೀತಿಯ ದೇವಿಂದ್ರ ಮಾಮಾ, ಜೈಭೀಮ.

ಫೋನ್ ಮಾಡಿದರೆ ‘ಹಲೋ, ಹಲೋ’ ಅಂದು ಇಟ್ಟುಬಿಡುತ್ತೀರಿ. ನಿಮ್ಮ ತಂಗಿ ಸಪ್ನಾಳ ಮಗಳು, ವಾಡಿಯ ಲುಂಬಿನಿ ಎಂದು ಕಿರುಚಿದರೆ ‘ಯಾವ ಬ್ಯಾಂಕಿನವರವ್ವಾ’ ಎಂದು ಕೇಳುತ್ತೀರಿ. ಕಿವಿಗೆ ಮಷೀನು ಹಾಕಿಸಿಕೊಳ್ಳಿ ಅಂದರೆ ಸಿಟ್ಟು. ಅದಕ್ಕೇ ಚಿಕ್ಕಂದಿನಲ್ಲಿ ನೀವೇ ಕಲಿಸಿದ ಹಾಗೆ ಮೇಲೆ ಊರು, ಅದರ ಕೆಳಗೆ ತಾರೀಖು ಹಾಕಿ ಬರೆಯುತ್ತಿದ್ದೇನೆ.

ನನ್ನ ಸಿನಿಮಾ ಹೆಚ್ಚುಕಡಿಮೆ ಮುಗಿಯಿತು, ಮಾಮಾ. ಎರಡು ವರ್ಷ ಹಿಡಿಯಿತು. ಐನಾಪುರದ ಯಂಕಮ್ಮ ಆಯಿ ಎಂಬ ಅರವತ್ತೆರಡು ವರ್ಷದ ಹೆಣ್ಣುಮಗಳು ಅದರ ಜೀವ. ಆಕೆಯ ತವರು ನಿಮ್ಮ ಚಿತ್ತಾಪುರ ಕಡೆಯ ಒಂದು ಹಳ್ಳಿ. ಅಪ್ಪ ಕಾಗಿಣಾ ನದಿಯಲ್ಲಿ ಹರಗೋಲು ಹಾಕುತ್ತಿದ್ದನಂತೆ. ಹೊಳೆ ತುಂಬಿದಾಗ ಸೂಲಗಿತ್ತಿಯನ್ನು ದಾಟಿಸಿದ್ದು, ಮದುಮಗ ಈ ದಂಡೆಯಲ್ಲಿ ಮದುಮಗಳು ಆ ದಂಡೆಯಲ್ಲಿ ಎರಡು ದಿನ ಕುಳಿತದ್ದು, ಎಲ್ಲ ಆಕೆ ಹೇಳುತ್ತಾಳೆ, ನಡುವೆ ಹಾಡುತ್ತಾಳೆ. ನಾನು ಆಕೆಯ ಮನೆಯಲ್ಲೇ ಉಳಿದಿದ್ದೇನೆ. ಶಹಾಬಾದ ಫರಸಿಯ ತಣ್ಣನೆ ನೆಲದ ಮೇಲೆ ಕುಳಿತು ಎರಡು ಹೊತ್ತು ರೊಟ್ಟಿ ತಿಂದು ದಪ್ಪಗಾಗಿದ್ದೇನೆ.

ಈಗ ಬಂದೆ ಕೆಲಸಕ್ಕೆ. ಬೆಂಗಳೂರಿನ ಒಂದು ಕಂಪನಿ ಸಿನಿಮಾ ತೋರಿಸಲು ಒಪ್ಪಿದೆ. ಆದರೆ ಜನವರಿ ಹದಿನೈದರೊಳಗೆ ಎಲ್ಲರ ಕಾಗದ ಕೊಡಬೇಕಂತೆ. ಕ್ಯಾಮೆರಾ ಹಿಡಿದ ಸೊಹೇಲ್‌ನ ಕಾಗದ, ಕುಂಚಾವರಂ ಹತ್ತಿರ ಯಾರ ಗುಡಿಸಲಲ್ಲಿ ಚಿತ್ರ ತೆಗೆದೆವೋ ಆ ಮಾಳಮ್ಮನ ಕಾಗದ, ಮುಖ್ಯವಾಗಿ ಯಂಕಮ್ಮ ಆಯಿಯದು. ಅದಕ್ಕೆ ‘ರಿಲೀಸ್’ ಅನ್ನುತ್ತಾರೆ. ಅದಿಲ್ಲದಿದ್ದರೆ ಸಿನಿಮಾ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಅವರು ಕಳಿಸಿದ ಮಾದರಿ ಹದಿನಾಲ್ಕು ಪುಟದ ಇಂಗ್ಲಿಷು. ಎಂಎ ಓದಿದ ನನಗೇ ಮೂರನೇ ಪುಟಕ್ಕೆ ತಲೆ ತಿರುಗಿತು.

ನೀವು ಕನ್ನಡದಲ್ಲಿ ಬರೆದುಕೊಡುತ್ತೀರಾ? ನಾನು ಇದುವರೆಗೆ ಯಾರಿಂದಲೂ ಒಂದು ಚೀಟಿಯನ್ನೂ ಬರೆಸಿಕೊಂಡಿಲ್ಲ. ಬೈಯಬೇಡಿ.

ನಿಮ್ಮ ಸೊಸಿ,
ಲುಂಬಿನಿ


ಚಿತ್ತಾಪುರ
9 ನವೆಂಬರ್ 2024

ಚಿ. ಲುಂಬಿನಿಗೆ ಮಾಮನ ಜೈಭೀಮ ಮತ್ತು ಆಶೀರ್ವಾದ.

ಸದರಿ ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಬೈದೆ. ಬೈಗುಳ ಇಲ್ಲಿ ಬರೆಯುವುದಿಲ್ಲ, ಬರೆದರೆ ದಾಖಲೆಯಾಗುತ್ತದೆ. ನಲವತ್ತು ವರ್ಷ ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ತಾಲೂಕಿನ ಮಂದಿಗೆಲ್ಲ ಹೊಲಮನೆಯ ಕಾಗದ ಬರೆದುಕೊಟ್ಟವನ ಸೊಸಿ, ಎರಡು ವರ್ಷ ಬರೀ ಬಾಯಿಮಾತಿನ ಮೇಲೆ ಸಿನಿಮಾ ತೆಗೆದಿದ್ದಾಳೆ! ಹೊರಗೆ ಯಾರಿಗೂ ಹೇಳಬೇಡ, ನನ್ನ ಮರ್ಯಾದೆಯ ಪ್ರಶ್ನೆ.

ನಜಮುನ್ನೀಸಾ ವಕೀಲರ ಹತ್ತಿರ ಹೋಗಿ ಕುಳಿತೆ. ಅವರು ಪುಸ್ತಕ ತೆಗೆದು ತೋರಿಸಿದರು (ಹೇಳಿದರೆ ನನಗೆ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು). ಕ್ಯಾಮೆರಾ ಹಿಡಿದವನಾಗಲಿ, ಹಾಡಿದವರಾಗಲಿ, ತಮ್ಮ ಕೆಲಸದ ಹಕ್ಕನ್ನು ಬರೆದೇ ಕೊಡಬೇಕಂತೆ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಈ ಕಾಯಿದೆ ನನಗೆ ಭಾಳ ಸೇರಿತು. ಹೊಲಕ್ಕೆ ಚೆಕ್ಕುಬಂದಿ ಬರೆಯುವ ಹಾಗೆ ಸಿನಿಮಾಕ್ಕೂ ಇಲ್ಲಿಂದ ಇಲ್ಲಿಯವರೆಗೆ ಎಂದು ಬರೆಯಬೇಕು.

ಮೂರು ಕಾಗದ ಲಗತ್ತಿಸಿದ್ದೇನೆ. ಸೊಹೇಲ್‌ಗೆ ಒಂದು, ಮಾಳಮ್ಮನ ಗುಡಿಸಲಿಗೆ ಒಂದು. ಯಂಕಮ್ಮನದು ಎಲ್ಲಕ್ಕಿಂತ ಸಲೀಸು. ನೀನು ‘ರಿಲೀಸ್’ ಎಂದು ಬರೆದದ್ದಕ್ಕೆ ನಮ್ಮಲ್ಲಿ ಮೊದಲಿನಿಂದ ಹೆಸರಿದೆ: ‘ಹಕ್ಕು ಬಿಡುಗಡೆ ಪತ್ರ’. ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ತಮ್ಮ ಪಾಲು ಬಿಟ್ಟುಕೊಡುವಾಗ ಬರೆಯುವುದು ಇದನ್ನೇ. ನೂರಾರು ಬರೆದಿದ್ದೇನೆ. ಹೊಲದ ಜಾಗದಲ್ಲಿ ದನಿ, ಮುಖ, ಹಾಡು ಎಂದು ಹಾಕಿದೆ, ಪೆನ್ನು ತಾನೇ ನಡೆಯಿತು. ಕೊನೆಗೆ ‘ಓದಿ ಹೇಳಲಾಗಿ ಕೇಳಿ ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ’ ಎಂಬ ಸಾಲು ಇದ್ದೇ ಇದೆ. ಅದರ ಕೆಳಗೆ ಆಕೆಯ ಹೆಬ್ಬೆಟ್ಟು ಹಾಕಿಸು, ಕೆಲಸ ಮುಗಿಯಿತು.

ರೊಟ್ಟಿ ತಿನ್ನು. ದಪ್ಪಗಾದರೆ ಆಗಲಿ.

ನಿನ್ನ ಮಾಮಾ,
ದೇವಿಂದ್ರ


ಐನಾಪುರ
17 ನವೆಂಬರ್ 2024

ಮಾಮಾ,

ನಿಮ್ಮ ಕಾಗದ ನೋಡಿ ಸೊಹೇಲ್ ಸಲಾಮು ಹೊಡೆದ. ಅವನ ತಕರಾರು ಒಂದೇ: ಪರದೆಯ ಮೇಲೆ ಅವನ ಹೆಸರು ನನ್ನ ಹೆಸರಿನಷ್ಟೇ ದೊಡ್ಡದಿರಬೇಕಂತೆ. ನೀವು ಬಿಟ್ಟಿದ್ದ ಖಾಲಿ ಜಾಗದಲ್ಲಿ ಅದನ್ನೂ ಬರೆದು ಸಹಿ ಮಾಡಿದ. ಕುಂಚಾವರಂಗೆ ಹೋಗಿ ಮಾಳಮ್ಮನಿಗೆ ತೆಲುಗಿನಲ್ಲಿ ವಿವರಿಸುವಷ್ಟರಲ್ಲಿ ನನ್ನ ನಾಲಗೆ ಬಿದ್ದುಹೋಯಿತು. ಅವಳು ಎಲ್ಲ ಕೇಳಿ, ಕೊನೆಗೆ ಕನ್ನಡದಲ್ಲೇ ‘ಗುಡಸಲ ಇಲ್ಲೇ ಇರ್ತದಲ್ಲ, ನೀ ಹೊತಗೊಂಡು ಹೋಗಂಗಿಲ್ಲಲ್ಲ?’ ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದಳು.

ಸಿಕ್ಕಿಬಿದ್ದದ್ದು ಸಲೀಸು ಅಂದಿರಲ್ಲ, ಅದೇ. ಯಂಕಮ್ಮ ಆಯಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದಳು. ನಾನು ‘ಹಕ್ಕು ಬಿಡುಗಡೆ ಪತ್ರ’ ಎಂದು ತಲೆಬರಹ ಓದಿದೆ. ಕೈ ನಿಂತಿತು. ‘ಈ ಕಾಗದ ನಾ ಒಮ್ಮಿ ಕೊಟ್ಟೀನಿ. ಇನ್ನೊಮ್ಮಿ ಕೊಡಾಕ ನನ್ನ ಬಲ್ಲಿ ಏನದ?’ ಎಂದು ಎದ್ದು ಒಳಗೆ ಹೋದಳು. ಮೊರದಲ್ಲಿದ್ದ ಬೇಳೆ ಹಾಗೇ ಉಳಿಯಿತು. ಅಂದಿನಿಂದ ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಅಷ್ಟೇ. ಹಾಡಂತೂ ನಿಂತೇಹೋಗಿದೆ. ಛಾಪಾ ಕಾಗದ ನೋಡಿ ಹೆದರಿದಳೋ, ಕೋರ್ಟು ಕಚೇರಿ ಎಂದುಕೊಂಡಳೋ ತಿಳಿಯುತ್ತಿಲ್ಲ.

ಒಂದು ಸಂತೋಷದ ಸುದ್ದಿ ಇದೆ, ಕೇಳಿ. ‘ಇದನ್ನ ಬರದಾವ ಯಾರು?’ ಎಂದು ನಿನ್ನೆ ಕೇಳಿದಳು. ನಮ್ಮ ಮಾಮಾ, ಚಿತ್ತಾಪುರದ ದೇವಿಂದ್ರ ಎಂದು ಎದೆಯುಬ್ಬಿಸಿ ಹೇಳಿದೆ. ‘ಬೇವಿನ ಗಿಡದ ಬುಡಕ ಕುಂದರತಿದ್ದ, ದಪ್ಪ ಕನ್ನಡಕದಾವ?’ ಎಂದಳು! ನಿಮ್ಮ ಹೆಸರು ಇಲ್ಲಿಯವರೆಗೆ ಬಂದಿದೆ ನೋಡಿ. ಪರಿಚಯದವಳೇ ಅಂದಮೇಲೆ ನೀವೇ ನಾಲ್ಕು ಸಾಲು ಬರೆದರೆ ಒಪ್ಪುತ್ತಾಳೆ. ಬರೆಯುತ್ತೀರಲ್ಲ?

ಲುಂಬಿನಿ


ಚಿತ್ತಾಪುರ
22 ನವೆಂಬರ್ 2024

ಲುಂಬಿನಿ,

ಪತ್ರ ತಲುಪಿತು. ಭುಜದ ನೋವು, ಹೆಚ್ಚು ಬರೆಯಲಾಗುವುದಿಲ್ಲ.

ಆ ಹೆಣ್ಣುಮಗಳನ್ನು ಒತ್ತಾಯ ಮಾಡಬೇಡ. ಒಪ್ಪದಿದ್ದರೆ ಆಕೆಯ ಭಾಗ ಕತ್ತರಿಸಿ ಬೇರೆ ಯಾರಿಂದಾದರೂ ಹಾಡಿಸಲು ಬರುತ್ತದೋ ನೋಡು. ನದಿ ದಂಡೆಯಲ್ಲಿ ಹಾಡುವವರು ಭಾಳ ಮಂದಿ ಇದ್ದಾರೆ.

ಆಕೆಗೆ ಕಾಶಪ್ಪ ಎಂದು ಅಣ್ಣ ಇದ್ದನೇ? ಇದ್ದರೆ ತಿಳಿಸು. ಇರದಿದ್ದರೆ ಬರೆಯುವ ಅಗತ್ಯವಿಲ್ಲ.

ದೇವಿಂದ್ರ


ಐನಾಪುರ
1 ಡಿಸೆಂಬರ್ 2024

ಮಾಮಾ,

ಜೈಭೀಮ ಬರೆಯಲಿಲ್ಲ, ‘ಚಿ.’ ಇಲ್ಲ, ರೊಟ್ಟಿ ತಿನ್ನು ಎಂದೂ ಇಲ್ಲ. ಇದು ನಿಮ್ಮ ಪತ್ರವೇ ಎಂದು ಅಕ್ಷರ ನೋಡಿ ನಂಬಿದೆ. ಯಂಕಮ್ಮ ಆಯಿಯನ್ನು ಕತ್ತರಿಸಿದರೆ ಸಿನಿಮಾದಲ್ಲಿ ಉಳಿಯುವುದು ನೀರು ಮತ್ತು ಮಾಳಮ್ಮನ ಮೇಕೆ. ಆಕೆಯೇ ಸಿನಿಮಾ. ಇನ್ನೊಮ್ಮೆ ಹಾಗೆ ಬರೆಯಬೇಡಿ.

ಹೌದು, ಕಾಶಪ್ಪ ಎಂದು ಅಣ್ಣ ಇದ್ದಾನೆ. ನಾನು ಅವನ ಹೆಸರನ್ನು ನಿಮಗೆ ಎಂದೂ ಬರೆದಿರಲಿಲ್ಲ.

ಮೊನ್ನೆ ತೊಗರಿ ಹೊಲದಲ್ಲಿ ಆಕೆಯೇ ಬಾಯಿಬಿಟ್ಟಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

‘ಅಪ್ಪ ತೀರಿದ ವರ್ಷ ಅದು, ಎಂಬತ್ತಾರ. ಕಾಶಪ್ಪಣ್ಣ ಬಂದ. ಅಪ್ಪನ ಹರಗೋಲದ ಪರವಾನಗಿ ನಮ್ಮ ಹೆಸರಿಗಿ ಮಾಡಸಬೇಕು, ಮಗಳ ಹೆಬ್ಬಟ್ಟ ಬೇಕಂತ, ನಡಿ ಅಂದ. ಅಪ್ಪನ ಹರಗೋಲ ಅಂದ್ರ ನಾ ಒಲ್ಲೆ ಅಂತೀನೇನು? ಚಿತ್ತಾಪುರದಾಗ ಬಳಿ ಇಡಸಿದ, ಚಹಾ ಕುಡಸಿದ. ಗಿಡದ ಬುಡಕ ಒಬ್ಬಾವ ಬರಿಲಿಕತ್ತಿದ್ದ. ಏನ್ ಬರದೀರಿ ಅಣ್ಣಾ ಅಂತ ಕೇಳಿದೆ. ಅವ ತಲಿ ಎತ್ತಲಿಲ್ಲ. ಅಣ್ಣ ಹೆಬ್ಬಟ್ಟ ಹಿಡದು ಒತ್ತಿಸಿದ. ಮುಂದ ಎರಡು ವರ್ಷಕ್ಕ ಪಂಚಮಿಗಿ ಹೋದಾಗ ದಂಡಿ ಹೊಲದಾಗ ಒಂದು ಹಿಡಿ ಹೆಸರಕಾಯಿ ಹರದೆ. ಅಣ್ಣನ ಹೇಣತಿ ಅಂದಳು, ಬರದು ಕೊಟ್ಟೀದಿ, ಇನ್ನ ಯಾವ ಹಕ್ಕಿಲೆ ಹರೀತಿ ಅಂತ. ಉಡಿಯಾಗಿನ ಕಾಯಿ ಅಲ್ಲೇ ಸುರುವಿ ಬಂದೆ. ಮತ್ತ ಹೋಗಿಲ್ಲ. ಲುಂಬಿನಿ, ಕೇಳಿದ್ರ ಆ ಹೊಲ ನಾನೇ ಕೊಡ್ತಿದ್ದೆ. ಕೇಳಲಿಲ್ಲ.’

ಆ ಬರೆದವನು ಯಾರು ಎಂದು ಕೇಳಿದೆ. ‘ಇರಲಿ ಬಿಡು. ಅವನ ಸೊಸಿ ನನ್ನ ಮನ್ಯಾಗ ಉಣ್ಣಾಕತ್ತಾಳ’ ಎಂದಳು.

ನನ್ನದೂ ಒಂದು ಮುಚ್ಚಿಟ್ಟ ಮಾತು ಹೇಳಿಬಿಡುತ್ತೇನೆ. ಎಲ್ಲ ಕಾಗದ ತಯಾರಿವೆ ಎಂದು ಕಂಪನಿಗೆ ಅಕ್ಟೋಬರಿನಲ್ಲೇ ಸುಳ್ಳು ಹೇಳಿದ್ದೆ. ಅದಕ್ಕೇ ನಿಮಗೆ ಅಷ್ಟು ಅವಸರ ಮಾಡಿದ್ದು, ಆಯಿಗೂ ಸಮಾಧಾನದಿಂದ ತಿಳಿಸಿ ಹೇಳದೆ ತಲೆಬರಹ ಓದಿದ್ದು. ನೀವೂ ಏನಿದೆಯೋ ಬರೆಯಿರಿ.

ಲುಂಬಿನಿ


ಐನಾಪುರ
16 ಡಿಸೆಂಬರ್ 2024

ಮಾಮಾ,

ಹದಿನೈದು ದಿನವಾಯಿತು. ಆರನೇ ತಾರೀಖಿನ ಬಾಬಾಸಾಹೇಬರ ಕಾರ್ಯಕ್ರಮಕ್ಕೂ ನೀವು ಬರಲಿಲ್ಲವೆಂದು ಅವ್ವ ಹೇಳಿದಳು. ಎಂದೂ ತಪ್ಪಿಸಿದವರಲ್ಲ.

ಸಿನಿಮಾದ ಮಾತು ಬಿಡಿ. ನನಗೆ ಸಿಟ್ಟು ಬಂದಿತ್ತು, ಈಗಿಲ್ಲ. ಭುಜದ ನೋವು ಖರೇನೋ ಸುಳ್ಳೋ ಅಷ್ಟು ಬರೆಯಿರಿ. ಖರೇ ಇದ್ದರೆ ಎಣ್ಣೆ ಕಳಿಸುತ್ತೇನೆ.

ನಿಮ್ಮ ಸೊಸಿ


ಚಿತ್ತಾಪುರ
24 ಡಿಸೆಂಬರ್ 2024

ಚಿ. ಲುಂಬಿನಿಗೆ ಜೈಭೀಮ.

ಭುಜದ ನೋವು ಸುಳ್ಳು.

ನಿನ್ನ ಪತ್ರ ಬಂದ ದಿನ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನಾನು ಬರೆದ ಕಾಗದಗಳ ಕರಡು ಎಲ್ಲ ಅದರಲ್ಲಿವೆ. 1986ರ ಕಟ್ಟಿನಲ್ಲಿ ಸಿಕ್ಕಿತು. ‘ಬರೆದುಕೊಟ್ಟವರು: ಯಂಕಮ್ಮ. ಬರೆಸಿಕೊಂಡವರು: ಕಾಶಪ್ಪ. ಹಕ್ಕು ಬಿಡುಗಡೆ ಪತ್ರ.’ ಕೊನೆಯ ಸಾಲು, ‘ಓದಿ ಹೇಳಲಾಗಿ ಕೇಳಿ ಒಪ್ಪಿ’. ಅಕ್ಷರ ಮುತ್ತಿನಂತಿವೆ. ಆ ಅಕ್ಷರಕ್ಕೇ ಮಂದಿ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಓದಿ ಹೇಳಿರಲಿಲ್ಲ, ಲುಂಬಿ. ಆಕೆಗೆ ಪರವಾನಗಿ ಎಂದು ಹೇಳಿ ಕರೆತಂದದ್ದು ನನಗೆ ಗೊತ್ತಿತ್ತು. ಕಾಶಪ್ಪ ಚಹಾ ಕುಡಿಯುವಾಗ ಹೇಳಿದ್ದ, ‘ಓದೋದೇನ್ ಬ್ಯಾಡ್ರಿ, ಬಸ್ಸು ತಪ್ಪತದ.’ ನನಗಾಗ ಮೂವತ್ತು ವರ್ಷ. ಬೇವಿನ ಗಿಡದ ಕೆಳಗೆ ಜಾಗ ಸಿಕ್ಕು ಎಂಟು ತಿಂಗಳಾಗಿತ್ತು. ನಮ್ಮವನೊಬ್ಬ ಅಲ್ಲಿ ಪೆನ್ನು ಹಿಡಿದು ಕುಳಿತದ್ದೇ ಹಲವರಿಗೆ ಸೇರಿರಲಿಲ್ಲ. ಬಂದ ಗಿರಾಕಿ ಎದ್ದುಹೋದರೆ ಎಂಬ ಹೆದರಿಕೆ. ಇದನ್ನು ನೆಪವಾಗಿ ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ. ಒಳಗೆ ನೋಂದಣಿ ಕಚೇರಿಯಲ್ಲಿ ಕೇಳಿದರೆ ‘ಹೂಂ’ ಅನ್ನಬೇಕು ಎಂದು ಆಕೆಗೆ ಹೇಳಿಕೊಟ್ಟವನೂ ನಾನೇ.

ಆಕೆ ‘ಏನ್ ಬರದೀರಿ ಅಣ್ಣಾ’ ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನನ್ನ ಕಿವಿ ಸರಿಯಿದ್ದವು.

ಬಾಬಾಸಾಹೇಬರ ಫೋಟೋದ ಮುಂದೆ ಈ ವರ್ಷ ನಿಲ್ಲಲು ನಾಚಿಕೆಯಾಯಿತು. ಅಕ್ಷರ ಕೊಟ್ಟದ್ದು ಯಾತಕ್ಕೆ, ನಾನು ಮಾಡಿದ್ದೇನು.

ನಿನ್ನ ಸಿನಿಮಾಕ್ಕೆ ಆಕೆಯ ಹೆಸರಿನಲ್ಲಿ ಬರೆದ ಕಾಗದ ಹರಿದು ಹಾಕು. ಆಕೆ ಒಪ್ಪಿದರೆ ನಾನು ಐನಾಪುರಕ್ಕೆ ಬಂದು ಆಕೆ ಹೇಳಿದ ಹಾಗೆ ಬೇರೆ ಕಾಗದ ಬರೆಯುತ್ತೇನೆ. ಹಕ್ಕು ಬಿಡದೆ ಕೊಡುವ ದಾರಿಯೂ ಕಾಯಿದೆಯಲ್ಲಿದೆ ಎಂದು ನಜಮುನ್ನೀಸಾ ವಕೀಲರು ತೋರಿಸಿದ್ದಾರೆ. ಹಕ್ಕು ಆಕೆಯದೇ, ಇಷ್ಟು ವರ್ಷ ತೋರಿಸಲು ನಿನಗೆ ಅನುಮತಿ. ಕಂಪನಿಯವರಿಗೆ ಇದು ನಡೆಯುತ್ತದೋ ಕೇಳು. ಆಕೆ ಬರಬೇಡ ಎಂದರೆ ಬರುವುದಿಲ್ಲ. ನಾನು ಬರೆದದ್ದನ್ನೆಲ್ಲ ಆಕೆಗೆ ಓದಿ ಹೇಳು. ಯಾವುದನ್ನೂ ಬಿಡಬೇಡ.

ನಿನ್ನ ಮಾಮಾ


ಐನಾಪುರ
30 ಡಿಸೆಂಬರ್ 2024

ಪ್ರೀತಿಯ ಮಾಮಾ,

ಓದಿ ಹೇಳಿದೆ. ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎರಡು ರೊಟ್ಟಿ ಹೊತ್ತಿಸಿದಳು. ಆಕೆ ರೊಟ್ಟಿ ಹೊತ್ತಿಸಿದ್ದನ್ನು ನಾನು ಇದೇ ಮೊದಲು ನೋಡಿದ್ದು. ‘ಇನ್ನೊಮ್ಮಿ ಓದು’ ಅಂದಳು. ಓದಿದೆ. ಸಂಜೆ ದೀಪ ಹಚ್ಚುವಾಗ ಹೇಳಿದ್ದು ಇಷ್ಟು: ‘ಬಾ ಅನ್ನು. ಕಿವಿ ಹೋಗ್ಯಾವಂತಲ್ಲ, ಹೋಗ್ಲಿ. ಬಾಯಿ ಅದಲ್ಲ, ಅದನ್ನ ತಗೊಂಡ ಬಾ ಅನ್ನು. ಆ ಹಳೀ ಕಾಗದನೂ ತರಲಿ.’

ನಾನೂ ಕಂಪನಿಗೆ ನಿಜ ಹೇಳಿದೆ. ಅಲ್ಲಿ ಕಾಗದಪತ್ರ ನೋಡುವ ಮೈತ್ರಿ ಎಂಬವರು ಮೊದಲು ಬೈದರು. ಆಮೇಲೆ, ಹತ್ತು ವರ್ಷದ ಅನುಮತಿ ಸ್ಪಷ್ಟವಾಗಿದ್ದರೆ ಸಾಕು ಎಂದರು. ದನಿ ಜೋಡಿಸುವ ಕೆಲಸಕ್ಕೆ ನಾಡಿದ್ದು ಬೆಂಗಳೂರಿಗೆ ಹೊರಟಿದ್ದೇನೆ. ನೀವು ಬಂದಾಗ ನಾನಿರುವುದಿಲ್ಲ. ಅದೇ ಒಳ್ಳೆಯದು ಅನ್ನಿಸುತ್ತದೆ. ಸೇಡಂನಲ್ಲಿ ಬಸ್ಸು ಬದಲಿಸಿ, ಕಂಡಕ್ಟರಿಗೆ ಊರು ಬರೆದ ಚೀಟಿ ತೋರಿಸಿ, ಅವನು ಕೂಗಿದರೆ ನಿಮಗೆ ಕೇಳುವುದಿಲ್ಲ.

ಭಾಳ ನೆನಪಾಗುತ್ತೀರಿ. ಹೆದರಬೇಡಿ.

ಲುಂಬಿ


ಚಿತ್ತಾಪುರ
8 ಜನವರಿ 2025

ಚಿ. ಲುಂಬಿನಿಗೆ ಮಾಮನ ಜೈಭೀಮ ಮತ್ತು ಆಶೀರ್ವಾದ.

ಮೊನ್ನೆ ಹೋಗಿ ನಿನ್ನೆ ಬಂದೆ. ಕಾಗದ ಲಗತ್ತಿಸಿದೆ. ಮೈತ್ರಿ ಮೇಡಂ ಅವರಿಗೆ ತಪ್ಪದೆ ತಲುಪಿಸು.

ಬಾಗಿಲಲ್ಲಿ ನಿಂತ ನನ್ನನ್ನು ಆಕೆ ಭಾಳ ಹೊತ್ತು ನೋಡಿದಳು. ಕೈಸನ್ನೆ ಮಾಡಿ ಕೂಡಿಸಿ, ನೀರು ಕೊಟ್ಟು, ರೊಟ್ಟಿ ಪುಂಡಿಪಲ್ಯ ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಒಂದು ಕೈ ನನ್ನ ಕಿವಿಗೆ ಅಡ್ಡ ಹಿಡಿದು, ‘ಮೊದಲ ಹಳೀದು ಓದು’ ಎಂದಳು.

ಓದಿದೆ, ಲುಂಬಿ. ನನ್ನ ದನಿ ನನಗೇ ಕೇಳದ ಕಾರಣ ಎಷ್ಟು ಜೋರಾಗಿ ಓದಿದೆನೋ ಗೊತ್ತಿಲ್ಲ. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ಚೆಕ್ಕುಬಂದಿ ಓದುವಾಗ, ‘ಪಶ್ಚಿಮಕ್ಕೆ ಕಾಗಿಣಾ ನದಿ’ ಎಂದಾಗ ಆಕೆ ಕಣ್ಣು ಮುಚ್ಚಿಕೊಂಡಳು. ಕೊನೆಯ ಸಾಲಿಗೆ ಬಂದೆ. ‘ಓದಿ ಹೇಳಲಾಗಿ’ ಎಂದವನು ಕನ್ನಡಕ ತೆಗೆದೆ. ಮುಂದೆ ಹೋಗಲಾಗಲಿಲ್ಲ. ಆಕೆ ಕಾಯ್ದಳು, ಸಹಾಯ ಮಾಡಲಿಲ್ಲ. ಕಣ್ಣೊರೆಸಿಕೊಂಡು ಪೂರ್ತಿ ಓದಿ ಮುಗಿಸಿದೆ. ತಪ್ಪಾಯಿತು ತಂಗೀ ಎಂದೆ.

‘ಹೊಲ ಹೋತು, ಹೋಗ್ಲಿ,’ ಎಂದಳು. ಕೂಗಿ ಹೇಳಿದಳು, ಕೇಳಿಸಿತು. ‘ಆ ಸಾಲು ಈಗ ಖರೇ ಆತು ನೋಡು.’

ಆಮೇಲೆ ಹೊಸ ಕಾಗದ. ತಲೆಬರಹ ಏನಿಡಲಿ ಎಂದು ಕೇಳಿದೆ. ಹಕ್ಕು ನಿನ್ನದೇ ಇರುತ್ತದೆ, ತೋರಿಸಲು ಮಾತ್ರ ಒಪ್ಪಿಗೆ ಕೊಡುತ್ತೀ, ಕಾಯಿದೆಯಲ್ಲಿ ಇದಕ್ಕೆ ಪರವಾನಗಿ ಎಂದು ಹೆಸರು ಎಂದೆ. ಆಕೆ ನನ್ನನ್ನು ನೋಡಿದಳು, ನಾನೂ ನೋಡಿದೆ. ಅಂದು ಪರವಾನಗಿ ಎಂದು ಹೇಳಿಯೇ ಬಿಡುಗಡೆ ಬರೆಸಿದ್ದಲ್ಲವೆ? ಆಕೆ ಒಮ್ಮೆಲೆ ನಗಲು ಶುರುಮಾಡಿದಳು. ‘ಮೂವತ್ತೆಂಟು ವರ್ಷ ತಡಾ ಆತಲ್ಲೋ ಅಣ್ಣಾ, ಆ ಪರವಾನಗಿ ಬರಾಕ!’ ಅಂದಳು. ನಾನೂ ನಕ್ಕೆ. ಓಣಿಯವರಿಗೆ ಏನೂ ತಿಳಿಯಲಿಲ್ಲ.

ಆಕೆ ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಹತ್ತು ವರ್ಷ, ಎಲ್ಲ ದೇಶಕ್ಕೂ. ಹಾಡಿನ ಒಂದು ನುಡಿಯನ್ನೂ ಹೊರಗೆ ತೆಗೆದು ಬೇರೆ ಕಡೆ ಅಂಟಿಸಕೂಡದು. ಪರದೆಯ ಮೇಲೆ ಆಕೆಯ ಹೆಸರಿನ ಜೊತೆಗೆ ಅಪ್ಪನ ಹೆಸರೂ ಬರಬೇಕು, ‘ಹರಗೋಲ ಭಗವಂತನ ಮಗಳು ಯಂಕಮ್ಮ’ ಎಂದು. ಕೊನೆಯ ಶರತ್ತು ನಿನಗೆ ಸ್ವಲ್ಪ ತ್ರಾಸು ಕೊಡಬಹುದು. ಬೇರೆ ಎಲ್ಲಿ ತೋರಿಸುವ ಮೊದಲೂ ಆಕೆಯ ತವರಿನ ನದಿ ದಂಡೆಯಲ್ಲಿ ಪರದೆ ಕಟ್ಟಿ ತೋರಿಸಬೇಕು. ಆಕೆ ಮುಂದಿನ ಸಾಲಿನಲ್ಲಿ ಕೂಡುತ್ತಾಳೆ. ನಾನು ಆಕೆಯ ಪರವಾಗಿಯೂ ಕೇಳುತ್ತಿದ್ದೇನೆ, ಇಲ್ಲ ಅನ್ನಬೇಡ.

ಮೂರು ಸಲ ಓದಿಸಿದಳು. ಎರಡನೇ ಸಲ ‘ಸದರಿ’ ಎಂಬ ಮಾತನ್ನು ಎಲ್ಲ ಕಡೆ ತೆಗೆಸಿದಳು, ಅದು ತನ್ನ ಹೆಸರಲ್ಲ ಎಂದು. ಮೂರನೇ ಸಲ ಮುಗಿದ ಮೇಲೆ ಯಾರೂ ಕೈ ಹಿಡಿಯದೆ ತಾನೇ ಹೆಬ್ಬೆಟ್ಟು ಒತ್ತಿದಳು. ಬರೆದವನ ಸಹಿಯ ಜಾಗದಲ್ಲಿ ನಾನು ಸಹಿ ಮಾಡಿದೆ.

ಬಸ್ಸಿಗೆ ಹೊರಟಾಗ ಆಕೆ ಮತ್ತೆ ಕಿವಿಗೆ ಕೈ ಅಡ್ಡ ಹಿಡಿದಳು. ‘ಸಿನಿಮಾ ತೋರಸೋ ದಿನ ನೀನೂ ಬಾ. ಕಾಶಪ್ಪಣ್ಣನ ಬಾಜೂಕ ಕುಂದ್ರು. ಅವಗೂ ನನ್ನಂಗ ಓದಾಕ ಬರಂಗಿಲ್ಲ. ಪರದೆ ಮ್ಯಾಲ ನನ್ನ ಹೆಸರು ಬಂದಾಗ ಓದಿ ಹೇಳು.’

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ, ಲುಂಬಿ. ಆ ಹೆಸರನ್ನು ಪರದೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸು. ನನ್ನ ಕನ್ನಡಕ ಹಳೆಯದು.

ನಿನ್ನ ಮಾಮಾ,
ದೇವಿಂದ್ರ